ಮಲತಾಯಿ ಹೇಳಿದ ಮಲತಾಯಿ ಕತೆ

ಮಕ್ಕಳ ಕತೆಗಳಲ್ಲಿ ಬರುವ ಮಲತಾಯಂದಿರನ್ನು ನಾನು ನಂಬುವುದಿಲ್ಲ. ಅವರಿಗೆ ಬೇರೆ ಕೆಲಸವೇ ಇರುವುದಿಲ್ಲ. ಬೆಳಿಗ್ಗೆ ಎದ್ದು ಅಂಗಳ ಗುಡಿಸುವುದಿಲ್ಲ, ಹಸುವಿಗೆ ಹುಲ್ಲು ಹಾಕುವುದಿಲ್ಲ, ಗಂಡನ ಊಟದ ಡಬ್ಬಿ ತುಂಬುವುದಿಲ್ಲ. ಆ ಹುಡುಗಿಯನ್ನು ಇವತ್ತು ಹೇಗೆ ಗೋಳುಹೊಯ್ದುಕೊಳ್ಳಲಿ ಎಂದು ಕೂತು ಯೋಚಿಸುವುದೊಂದೇ ಅವರ ಉದ್ಯೋಗ. ನಾನು ಮೂರು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡುವ ಸರ್ಕಾರಿ ಶಾಲೆಯ ಟೀಚರು. ಸಂಜೆ ಮನೆಗೆ ಹೋಗಿ ಮುದ್ದೆ ಕಟ್ಟುವಷ್ಟರಲ್ಲಿ ಸೊಂಟ ಬಿದ್ದುಹೋಗಿರುತ್ತದೆ. ಯಾರನ್ನಾದರೂ ಗೋಳುಹೊಯ್ದುಕೊಳ್ಳಲು ನನಗೆಲ್ಲಿಯ ಪುರುಸೊತ್ತು? ಆದರೂ ನಾನೂ ಮಲತಾಯಿಯೇ.

ನನಗೆ ಮದುವೆಯಾದದ್ದು ತಡವಾಗಿ. ಗಂಡಿನ ಕಡೆಯವರು ನೋಡಲು ಬರುವುದು ನಿಂತು, ತವರಿನವರು ಆ ಮಾತು ಎತ್ತುವುದೂ ನಿಂತ ಮೇಲೆ ಚಿಕ್ಕರಸಿನಕೆರೆಯ ಹತ್ತಿರದ ಒಂದು ಊರಿನಿಂದ ಸಂಬಂಧ ಬಂತು. ಮಂಡ್ಯದ ಕಚೇರಿಯೊಂದರಲ್ಲಿ ಗುಮಾಸ್ತ, ಹೆಂಡತಿ ತೀರಿಕೊಂಡಿದ್ದಾಳೆ, ಮನೆಯಲ್ಲಿ ತಾಯಿ ಮತ್ತು ಒಬ್ಬಳು ಮಗಳು. ನೋಡಲು ಹೋದ ದಿನ ಆ ಮಗು ಬಾಗಿಲ ಹಿಂದೆ ನಿಂತು, ಲಂಗದ ಅಂಚು ಬಾಯಲ್ಲಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿತ್ತು. ಗಂಡಿನ ಮುಖ ನಾನು ಸರಿಯಾಗಿ ನೋಡಿದ್ದು ಆಮೇಲೆ. ನಾನು ಒಪ್ಪಿದ್ದು ಆ ಮಗುವನ್ನು. ಇದನ್ನು ಗಂಡನಿಗೂ ಹೇಳಿದ್ದೇನೆ, ಅವರು ನಕ್ಕಿದ್ದಾರೆ.

ನನಗೆ ಬೇಕಾಗಿದ್ದುದು ಒಂದೇ, ಆ ಹುಡುಗಿ ನನ್ನವಳಾಗಬೇಕು. ಅದಕ್ಕೆ ವರ್ಷಗಟ್ಟಲೆ ಕಾದೆ. ಅದೇ ಊರಿನ ಶಾಲೆಗೆ ವರ್ಗ ಮಾಡಿಸಿಕೊಂಡೆ. ಅವಳು ನನ್ನದೇ ತರಗತಿಗೆ ಬಂದಳು, ಎಲ್ಲ ಮಕ್ಕಳಂತೆ ಮಿಸ್ ಎಂದಳು, ಮನೆಯಲ್ಲೂ ಹಾಗೇ ಕರೆದಳು. ತಲೆ ಬಾಚಿದರೆ ಬಾಚಿಸಿಕೊಂಡಳು, ಬಡಿಸಿದರೆ ಉಂಡಳು, ರಾತ್ರಿಯಾದರೆ ಅಜ್ಜಿಯ ಪಕ್ಕ ಹೋಗಿ ಮಲಗಿದಳು. ಒಂದು ದಿನವಾದರೂ ಹಟ ಮಾಡಿದ್ದರೆ, ತಟ್ಟೆ ಎಸೆದಿದ್ದರೆ ನನಗೆ ಖುಷಿಯಾಗುತ್ತಿತ್ತು. ನೆಂಟರ ಮನೆಗೆ ಬಂದವಳ ಹಾಗೆ ಮರ್ಯಾದೆಯಿಂದ ಇದ್ದಳು, ಅದೂ ಅವಳದೇ ಮನೆಯಲ್ಲಿ.

ನಮ್ಮ ಕಡೆ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಕಲಶದ ಮುಂದೆ ಹೊಸ ಬಟ್ಟೆ ಇಟ್ಟು, ತೀರಿಕೊಂಡವರಿಗೆ ಏನೇನು ಇಷ್ಟವಿತ್ತೋ ಅದೆಲ್ಲ ಬಡಿಸಿ, ಬಾಗಿಲು ಮುಚ್ಚಿ ಮನೆಮಂದಿಯೆಲ್ಲ ಹೊರಗೆ ನಿಲ್ಲುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಆಮೇಲೆ ಬಾಗಿಲು ತೆಗೆದು ನಾವು ಉಣ್ಣುತ್ತೇವೆ, ಆ ಬಟ್ಟೆಗಳನ್ನು ಮನೆಯವರು ಉಡುತ್ತಾರೆ. ನನ್ನ ಗಂಡನ ಮೊದಲ ಹೆಂಡತಿ ಮುತ್ತೈದೆಯಾಗಿ ಹೋದವಳು, ಹಾಗಾಗಿ ಪ್ರತಿವರ್ಷ ಅವಳಿಗೊಂದು ಸೀರೆ. ಆ ಸೀರೆ ಉಡಬೇಕಾದವಳು ನಾನು. ಹುಡುಗಿ ಚಿಕ್ಕವಳಿದ್ದಾಗ ಇದೊಂದೂ ಅವಳ ಗಮನಕ್ಕೆ ಬಂದಿರಲಿಲ್ಲ.

ಅವಳು ಮೂರನೇ ತರಗತಿಯಲ್ಲಿದ್ದ ವರ್ಷ ಅಪ್ಪನ ಜೊತೆ ಮದ್ದೂರಿಗೆ ಹೋಗಿ ಸೀರೆಯನ್ನು ತಾನೇ ಆರಿಸಿ ತಂದಳು. ನವಿಲು ಬಣ್ಣದ್ದು. ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡೇ ಕೂತಿದ್ದಳಂತೆ. ಎಡೆ ಇಟ್ಟು ಬಾಗಿಲು ಮುಚ್ಚಿದಾಗ ನಾವೆಲ್ಲ ಅಂಗಳದಲ್ಲಿ ನಿಂತು ಮಳೆ, ಬೆಳೆ ಮಾತಾಡುತ್ತಿದ್ದೆವು. ಅವಳು ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದಳು. ಒಳಗೆ ಅವಳ ತಾಯಿ ಉಣ್ಣುವ ಸದ್ದು ಕೇಳಿಸಿಕೊಳ್ಳಲು. ನನ್ನ ಗಂಡ ಅದನ್ನು ನೋಡಿ ಮುಖ ತಿರುಗಿಸಿಕೊಂಡು ಹಸುವಿನ ಹತ್ತಿರ ಹೋದರು.

ಬಾಗಿಲು ತೆಗೆದ ಕೂಡಲೇ ಅವಳು ಓಡಿಹೋಗಿ ಸೀರೆಯ ಮಡಿಕೆ ಅಲುಗಿದೆಯೇ ಎಂದು ನೋಡಿದಳು. ಅಷ್ಟರಲ್ಲಿ ನನ್ನ ಅತ್ತೆ ಅದನ್ನು ಎತ್ತಿ ನನ್ನ ಕೈಗಿಟ್ಟರು.

"ಉಟ್ಕೊ ಕಣಮ್ಮ. ನೀನುಟ್ರೆ ಅವ್ಳೇ ಉಟ್ಟಂಗೆ."

"ಅದು ನಮ್ಮವ್ವಂದು" ಎಂದಳು ಹುಡುಗಿ.

ನಾನು ಸೀರೆಯನ್ನು ಕೆಳಗಿಟ್ಟು, ಈ ವರ್ಷ ಬೇಡ ಅತ್ತೆ, ಬೀರುವಿನಲ್ಲಿಡೋಣ, ಅವಳು ದೊಡ್ಡವಳಾದ ಮೇಲೆ ಉಡಲಿ ಎಂದೆ. ಅತ್ತೆಗೆ ಸಿಟ್ಟು ಬಂತು. "ಎಡೆಗಿಟ್ಟ ಸೀರೇನ ಉಡದೆ ಮಡಗ್ತಾರಾ? ಸತ್ತೋದೋಳು ಬಂದು ಬಾಗ್ಲಲ್ಲಿ ಅಳ್ತಾ ಕೂತ್ಕತಾಳೆ ಕಣಮ್ಮ. ಮಗೀಗೆ ಒಳ್ಳೇದಾಗಾಕಿಲ್ಲ." ಮಗುವಿಗೆ ಒಳ್ಳೆಯದಾಗುವುದಿಲ್ಲ ಎಂದ ಮೇಲೆ ನಾನು ಯಾವ ಬಾಯಲ್ಲಿ ಬೇಡ ಎನ್ನಲಿ? ಒಳಗೆ ಹೋಗಿ ಉಟ್ಟುಕೊಂಡು ಬಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೊರಗೆ ಹೋದಳು. ಅವತ್ತು ಅವಳು ಊಟ ಮಾಡಲಿಲ್ಲ, ನನಗೂ ಒಂದು ತುತ್ತು ಇಳಿಯಲಿಲ್ಲ.

ಶನಿವಾರ ನಮ್ಮ ಶಾಲೆಯಲ್ಲಿ ಕೊನೆಯ ಹೊತ್ತು ಕತೆಗೆ ಮೀಸಲು. ಆ ಶನಿವಾರ ಮಕ್ಕಳು ಮಲತಾಯಿ ಕತೆ ಬೇಕೆಂದು ಕುಣಿದರು. ಮನೆಮನೆಯ ಅಜ್ಜಿಯರು ಹೇಳುವ ಕತೆಯೇ ಅದು. ಮಲತಾಯಿ ಒಡಕು ಕೊಡ ಕೊಟ್ಟು ಹುಡುಗಿಯನ್ನು ನೀರಿಗೆ ಕಳಿಸುತ್ತಾಳೆ, ಕಲ್ಲು ಬೆರೆಸಿದ ರಾಗಿ ಕೊಟ್ಟು ಆರಿಸು ಎನ್ನುತ್ತಾಳೆ, ಸೀದ ಮುದ್ದೆ ಇಕ್ಕುತ್ತಾಳೆ. ಸತ್ತ ತಾಯಿ ಹಿತ್ತಲಲ್ಲಿ ಹೊಂಗೆ ಮರವಾಗಿ ಹುಟ್ಟಿ ಮಗಳಿಗೆ ನೆರಳಾಗುತ್ತಾಳೆ. ಮಲತಾಯಿ ಅದನ್ನೂ ಕಡಿಸುತ್ತಾಳೆ. ಕೊನೆಗೆ ರಾಜ ಬಂದು ಹುಡುಗಿಯನ್ನು ಕರೆದೊಯ್ಯುತ್ತಾನೆ, ಊರವರು ಮಲತಾಯಿಯನ್ನು ಕತ್ತೆಯ ಮೇಲೆ ಕೂರಿಸಿ ಅಟ್ಟುತ್ತಾರೆ. ಕತ್ತೆ ಬಂದಾಗ ಮಕ್ಕಳು ಚಪ್ಪಾಳೆ ತಟ್ಟಬೇಕು.

ನನ್ನ ಹುಡುಗಿ ಕಿಟಕಿಯ ಪಕ್ಕ ಕೂತಿದ್ದಳು. ನಾನು ಅವಳೊಬ್ಬಳಿಗಾಗಿ ಕತೆಯನ್ನು ಮಲತಾಯಿಯ ಬಾಯಿಂದಲೇ ಹೇಳಿಸಿದೆ.

"ನಾನು ಆ ಮನೆಗೆ ಬಂದಾಗ ಕೊಡ ಆಗಲೇ ಒಡೆದಿತ್ತು ಮಕ್ಕಳೇ" ಎಂದು ಶುರುಮಾಡಿದೆ. "ಯಾರೂ ನನಗೆ ಹೇಳಲಿಲ್ಲ. ರಾಗಿಯಲ್ಲಿ ಕಲ್ಲು ನಾನು ಬೆರೆಸಿದ್ದಲ್ಲ. ಟಾರು ರಸ್ತೆಯ ಮೇಲೆ ಒಕ್ಕಣೆ ಮಾಡಿದರೆ ಕಲ್ಲು ಬರದೆ ಮುತ್ತು ಬರುತ್ತದಾ?"

ಮಕ್ಕಳು ಹೋ ಎಂದು ನಕ್ಕರು. ನಮ್ಮನೇಲೂ ಅಂಗೇಯ ಮಿಸ್ ಎಂದು ನಾಲ್ಕಾರು ಕೈ ಮೇಲೆದ್ದವು. ನನಗೆ ಹುರುಪು ಬಂತು. ಗೊತ್ತಿಲ್ಲದ ಒಲೆಯಲ್ಲಿ ಮೊದಲ ಸಲ ಮುದ್ದೆ ಮಾಡಿದರೆ ಯಾರದ್ದಾದರೂ ಸೀಯುತ್ತದೆ, ಸೀದದ್ದನ್ನು ನಾನು ತೆಗೆದುಕೊಂಡು ಚೆನ್ನಾಗಿದ್ದದ್ದನ್ನೇ ಅವಳಿಗೆ ಇಟ್ಟೆ, ಅದನ್ನು ಕತೆ ಕಟ್ಟಿದವರು ಬರೆಯಲೇ ಇಲ್ಲ ಎಂದಳು ನನ್ನ ಮಲತಾಯಿ. ಅವಳ ಹೊಟ್ಟೆಯುರಿ ಯಾರದೆಂದು ಮಕ್ಕಳಿಗೇನು ಗೊತ್ತು, ಬಾಯಿ ತೆರೆದುಕೊಂಡು ಕೇಳಿದರು.

"ಮರ ಕಡ್ಸಿದ್ಲಲ್ಲ ಮಿಸ್, ಅದು?" ಎಂದು ಒಬ್ಬ ಕೇಳಿದ.

"ಹುಡುಗಿ ದಿನವೆಲ್ಲ ಆ ಮರದ ಕೆಳಗೆ ಅಳುತ್ತಾ ಕೂರುತ್ತಿದ್ದಳು. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ, ಮಳೆ ಬಂದರೂ ಏಳುತ್ತಿರಲಿಲ್ಲ. ಮಗು ಒಣಗಿ ಕಡ್ಡಿಯಾಗುವುದನ್ನು ನನ್ನ ಕೈಲಿ ನೋಡಲಾಗಲಿಲ್ಲ. ಅದಕ್ಕೇ ಕಡಿಸಿದೆ."

ಇಷ್ಟು ಹೇಳಿ ಮಕ್ಕಳನ್ನು ಕೇಳಿದೆ, ಈಗ ಹೇಳಿ, ಮಲತಾಯಿ ಕೆಟ್ಟವಳಾ? ಇಲ್ಲ ಮಿಸ್ ಎಂದು ಇಡೀ ಕೋಣೆ ಕೂಗಿತು. ಆ ಕೂಗಿಗಾಗಿ ನಾನು ಎಷ್ಟು ವರ್ಷದಿಂದ ಕಾಯುತ್ತಿದ್ದೆನೋ ಏನೋ, ಕಣ್ಣು ತುಂಬಿಬಂತು.

ಆಗ ಮುಂದಿನ ಸಾಲಿನ ಒಬ್ಬಳು ಎದ್ದುನಿಂತಳು. ಬಾಯಿ ಮುಚ್ಚದ ಜಾಣೆ, ನನಗೆ ಅಚ್ಚುಮೆಚ್ಚು. "ಅಂಗಾರೆ ಕೆಟ್ಟೋಳು ಯಾರು ಮಿಸ್?"

ಯಾರೂ ಇಲ್ಲ ಎಂದೆ.

"ಕೆಟ್ಟೋರಿಲ್ದೆ ಕತೆ ಎಂಗಾಯ್ತದೆ?" ಎಂದವಳು ಒಂದು ಗಳಿಗೆ ಯೋಚಿಸಿ, ಲೆಕ್ಕ ಬಿಡಿಸಿದವಳ ಹಾಗೆ ಮುಖ ಅರಳಿಸಿದಳು. "ಆ ಮರಾನೇ ಕೆಟ್ಟದ್ದು ಮಿಸ್! ಮರ ಅಂದ್ರೆ ಸತ್ತೋಗಿರೋ ಅವ್ವ ತಾನೆ? ಮಗೀನ ಬುಟ್ಬುಟ್ಟು ಸತ್ಲು. ತಿರ್ಗ ಬಂದು ಅಳುಸ್ತಾಳೆ. ಅವ್ಳೇ ಕೆಟ್ಟೋಳು."

ಹೌದು ಹೌದು ಎಂದರು ಎಲ್ಲರೂ. ಅವರಿಗೆ ಕತ್ತೆಯ ಮೇಲೆ ಕೂರಿಸಲು ಯಾರಾದರೂ ಬೇಕಿತ್ತು, ಸಿಕ್ಕಳು. ಹಾಗನ್ನಬಾರದು, ತಾಯಿ ಬೇಕೆಂದು ಸಾಯಲಿಲ್ಲ ಎಂದು ನಾನು ಕೂಗುತ್ತಿದ್ದಂತೆ ಗಂಟೆ ಹೊಡೆಯಿತು. ಶನಿವಾರದ ಗಂಟೆಯ ಮುಂದೆ ಯಾವ ಟೀಚರ ಮಾತು ನಡೆದೀತು? ಚೀಲ ಎತ್ತಿಕೊಂಡು ಓಡಿದರು. ಕಿಟಕಿಯ ಪಕ್ಕ ಅವಳೊಬ್ಬಳೇ ಉಳಿದಿದ್ದಳು. ಹತ್ತಿರ ಹೋಗಿ ಭುಜದ ಮೇಲೆ ಕೈಯಿಟ್ಟೆ. ಅವಳು ನನ್ನ ಕೈಯನ್ನು ಮೆಲ್ಲಗೆ ತೆಗೆದು ಬೆಂಚಿನ ಮೇಲಿಟ್ಟು ಎದ್ದುಹೋದಳು.

ದಸರಾ ರಜೆಗೆ ಅವಳು ಮಳವಳ್ಳಿಗೆ ಹೋಗುವುದು ವಾಡಿಕೆ, ತಾಯಿಯ ತಾಯಿಯ ಮನೆಗೆ. ಆ ಸಲ ರಜೆ ಮುಗಿದರೂ ಬರಲಿಲ್ಲ. ಫೋನಿನಲ್ಲಿ ಕೇಳಿದರೆ ಇಲ್ಲೇ ಓದುತ್ತಾಳಂತೆ ಎಂದರು. ಗಂಡ ಹೋಗಿ ಬರಿಗೈಲಿ ಬಂದರು. ಇನ್ನೂ ಕೂಸು, ಎರಡು ದಿನ ಬಿಟ್ಟರೆ ತಾನೇ ಬರುತ್ತಾಳೆ ಎಂದು ಟಿ.ವಿ. ಹಾಕಿಕೊಂಡು ಕೂತರು. ಅತ್ತೆ ಮಾತ್ರ ರಾತ್ರಿ ಅವಳ ಚಾಪೆಯನ್ನು ಪಕ್ಕದಲ್ಲಿ ಹಾಸಿಕೊಂಡೇ ಮಲಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಶಾಲೆಗೆ ರಜೆ ಹಾಕಿ ಬಸ್ಸು ಹತ್ತಿದೆ.

ಮಳವಳ್ಳಿಯ ಅಜ್ಜಿ ಒಳ್ಳೆಯ ಹೆಂಗಸು. ನನ್ನನ್ನು ಕಂಡು ಗೊಣಗಲಿಲ್ಲ, ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. "ನಾನೇನು ಕಟ್ಟಾಕಂಡಿಲ್ಲ ಕಣವ್ವ. ಅವ್ಳೇ ಒಲ್ಲೆ ಅಂತಾಳೆ. ನೀನೇ ಕೇಳು" ಎಂದು ಅವಳನ್ನು ಕಳಿಸಿ ತಾವು ಒಳಗೆ ಹೋದರು.

ಅವಳು ಕಂಬಕ್ಕೆ ಒರಗಿ ನಿಂತಳು. ಬಾಮ್ಮ ಮನೆಗೆ ಹೋಗೋಣ ಎಂದೆ. ಸೀರೆ ಉಟ್ಟಿದ್ದಕ್ಕೆ ಸಿಟ್ಟಾ ಎಂದು ಕೇಳಿದೆ. ತಲೆಯಾಡಿಸಿದಳು, ಅಲ್ಲ ಎಂದು.

"ಮತ್ತೇನು?"

"ನೀವು ಒಳ್ಳೇವ್ರಾದ್ರೆ ನಮ್ಮವ್ವ ಕೆಟ್ಟೋಳಾಯ್ತಾಳೆ ಮಿಸ್. ಎಲ್ರೂ ಅಂಗೇ ಅಂದ್ರು."

ಅವರು ತಿಳಿಯದ ಮಕ್ಕಳು, ನಿಮ್ಮವ್ವ ತುಂಬ ಒಳ್ಳೆಯವಳು, ನಾನೂ ಕೆಟ್ಟವಳಲ್ಲ, ಇಬ್ಬರೂ ಒಳ್ಳೆಯವರಿರಬಹುದು ಎಂದು ಏನೇನೋ ಹೇಳಿದೆ. ಮಕ್ಕಳ ಮನಸ್ಸು ಎಂದು ತರಬೇತಿಯಲ್ಲಿ ಕಲಿತದ್ದೆಲ್ಲ ಹೇಳಿದೆ. ಅವಳು ಮಾತು ಮುಗಿಯುವವರೆಗೂ ಕಾದಳು.

"ಮೊದ್ಲಿನ ಕತೇನೇ ಹೇಳಿ ಮಿಸ್. ಕೆಟ್ಟ ಮಲತಾಯಿದು."

"ಹೇಳಿದರೆ ಬರ್ತೀಯಾ?"

"ಮೊದ್ಲು ಹೇಳಿ."

ಹೇಳಿದೆ. ಒಡಕು ಕೊಡವನ್ನು ಮಲತಾಯಿಯೇ ಬೇಕೆಂದು ಒಡೆದಳು ಎಂದೆ. ರಾಗಿಗೆ ಅವಳೇ ಕಲ್ಲು ಬೆರೆಸಿದಳು. ಹುಡುಗಿ ನನ್ನ ಪಕ್ಕ ಬಂದು ಕೂತಳು. ಮುದ್ದೆಯನ್ನು ಸೀಯಿಸಿ ಇಕ್ಕಿದಳು ಎಂದಾಗ ನನ್ನ ತೋಳಿಗೆ ಒರಗಿದಳು. ನಾನಾಗಿ ಎಳೆದುಕೊಂಡಿರಲಿಲ್ಲ, ಅವಳಾಗಿ ಒರಗಿದ್ದು ಅದೇ ಮೊದಲು. ನನಗೆ ಉಸಿರಾಡಲೂ ಭಯವಾಯಿತು. ಮಲತಾಯಿಯನ್ನು ಇನ್ನಷ್ಟು ಕೆಟ್ಟವಳಾಗಿ ಮಾಡಿದೆ, ಕತೆಯಲ್ಲಿ ಇಲ್ಲದ್ದನ್ನೂ ಸೇರಿಸಿದೆ. ಕೊನೆ ಬರದಿರಲಿ ಎಂದು ಬೆಳೆಸಿದಷ್ಟೂ ಅವಳು ಒತ್ತಿಕೊಂಡು ಕೂತಳು. ಹೊಂಗೆ ಮರದ ತಾಯಿಯನ್ನು ಹಾಡಿ ಹೊಗಳಿದೆ. ಅವಳು ಹ್ಞೂಂಗುಟ್ಟುತ್ತ ಕೇಳಿದಳು. ಕೊನೆಗೆ ಕತ್ತೆ ಬರಲೇಬೇಕಾಯಿತು, ಬಂತು. ಮಲತಾಯಿ ಊರಾಚೆಗೆ ಹೋದಳು.

"ತಿರ್ಗ ಬರ್ನಿಲ್ವಾ?"

ಅವಳು ನನ್ನ ಮುಖ ನೋಡುತ್ತಿದ್ದಳು. ಬಂದಳು ಎನ್ನಬಹುದಿತ್ತು, ಬುದ್ಧಿ ಕಲಿತು ಬಂದಳು ಎನ್ನಬಹುದಿತ್ತು. ಆ ಕಣ್ಣಿಗೆ ಹಾಗೆ ಹೇಳಲು ನನ್ನಿಂದ ಆಗಲಿಲ್ಲ.

"ಇಲ್ಲ. ಮತ್ತೆ ಬರಲೇ ಇಲ್ಲ" ಎಂದೆ.

ಅವಳು ನಿರಾಳವಾಗಿ ಉಸಿರು ಬಿಟ್ಟು, ನನ್ನ ತೋಳನ್ನು ಬಿಟ್ಟು ಎದ್ದಳು. ಒಳಗೆ ಓಡಿಹೋಗಿ ಅಜ್ಜೀ ಹಸಿವು ಎಂದು ಕೂಗಿದಳು. ಎಷ್ಟೋ ದಿನದಿಂದ ಸರಿಯಾಗಿ ಉಂಡಿರಲಿಲ್ಲವಂತೆ. ಅಜ್ಜಿ ತಟ್ಟೆ ತೊಳೆಯುವ ಸದ್ದು ಕೇಳಿಸಿತು. ನಾನು ಯಾರಿಗೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಈಗ ಅವಳು ಅಲ್ಲೇ ಹೈಸ್ಕೂಲಿನಲ್ಲಿದ್ದಾಳೆ, ಗಂಡ ತಿಂಗಳಿಗೊಮ್ಮೆ ಹೋಗಿ ಬರುತ್ತಾರೆ, ಚೆನ್ನಾಗಿ ಓದುತ್ತಾಳೆ ಎನ್ನುತ್ತಾರೆ. ನಾನು ಆಮೇಲೆ ಮಳವಳ್ಳಿಗೆ ಹೋಗಿಲ್ಲ.