ಉಸುಕು ಸವರಿದವರು ಯಾರು

ಓಬಳೆಪ್ಪ ಹೆಂಡತಿ ಬಡಿಸಿದ ರೊಟ್ಟಿಯನ್ನೂ ಮಗುಚಿ ನೋಡಿಯೇ ಮುರಿಯುತ್ತಿದ್ದ.

“ಹಿಂದ ಏನರ ಬರದೈತೇನು?” ಎಂದು ಹುಲಿಗವ್ವ ಕೇಳಿದರೆ, “ಬರದಿಲ್ಲ ಅಂತ ನೋಡಿದ ಮ್ಯಾಲ ಗೊತ್ತಾತು” ಎನ್ನುತ್ತಿದ್ದ. ಇಂಥವನ ಜೊತೆ ಬಾಳ್ವೆ ಮಾಡಿದ ಆ ತಾಯಿಗೆ ಕೈಮುಗಿಯಬೇಕು.

ಮನುಷ್ಯರನ್ನು ಬಿಡಿ, ಅವನಿಗೆ ಎಲ್ಲಕ್ಕಿಂತ ಹೆಚ್ಚಿನ ಸಂಶಯ ಇದ್ದದ್ದು ಸವಳಹಳ್ಳದ ಮೇಲೆ. ಈ ಹಳ್ಳ ಯಲಬುರ್ಗಿ ಕಡೆಯ ಗುಡ್ಡಗಳಲ್ಲಿ ಹುಟ್ಟಿ, ಎರೆಹೊಲಗಳ ನಡುವೆ ಅಡ್ಡಾದಿಡ್ಡಿ ಸುತ್ತಿ, ಅಳವಂಡಿ ಸೀಮೆ ದಾಟಿ, ತುಂಗಭದ್ರೆಯ ದಾರಿ ಹಿಡಿಯುತ್ತಿತ್ತು. ಗುಡ್ಡದ ಊರುಗಳವರು ಅದನ್ನು ಕರಿಹಳ್ಳ ಎನ್ನುತ್ತಿದ್ದರು, ನಡುವಿನವರು ದೊಡ್ಡಹಳ್ಳ ಎನ್ನುತ್ತಿದ್ದರು, ಇಲ್ಲಿಗೆ ಬರುವಾಗ ಅದು ಸವಳಹಳ್ಳ. “ಊರಿಗೊಂದು ಹೆಸರ ಹೇಳ್ಕೊಂಡು ತಿರಗೂದನ್ನ ಹೆಂಗ ನಂಬೂದು?” ಎಂಬುದು ಓಬಳೆಪ್ಪನ ವಾದ. ವರ್ಷದ ಹೆಚ್ಚಿನ ತಿಂಗಳು ಅದು ಬತ್ತಿ ಬರೀ ಉಸುಕಾಗಿ ಬಿದ್ದಿರುತ್ತಿತ್ತು, ಆದರೆ ಒಳಗೊಳಗೇ ನೀರು ನಡೆಯುತ್ತಿತ್ತು. ಮೊಣಕಾಲುದ್ದ ವರತಿ ತೋಡಿದರೆ ಸಿಹಿನೀರು ಒಸರುತ್ತಿತ್ತು. ಅಲ್ಲೇ ಪಕ್ಕಕ್ಕೆ ಸರಿದು ತೋಡಿದರೆ ಬಾಯಿಗಿಡಲಾಗದ ಸವಳು. ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಮೇಲೆ ಗುಡ್ಡದಲ್ಲಿ ಮಳೆಯಾಗಿ ಹಳ್ಳ ಬಂದುಬಿಡುತ್ತಿತ್ತು. ಓಬಳೆಪ್ಪನ ಅಪ್ಪ ಮಾರೆಪ್ಪ ಹೋದದ್ದು ಹಾಗೆಯೇ. ನೀಲಿ ಆಕಾಶದ ಕೆಳಗೆ ಎತ್ತು ತೊಳೆಯುತ್ತಿದ್ದವನು ಎತ್ತಿನ ಸಮೇತ ಹೋದ. ಅವತ್ತು ದಂಡೆಯ ಮೇಲಿದ್ದ ಓಬಳೆಪ್ಪ ಆಮೇಲೆ ಯಾವುದನ್ನೂ ಕಂಡಂತೆಯೇ ನಂಬಲಿಲ್ಲ.

ಬದುಕು ಮಾತ್ರ ಅದೇ ಹಳ್ಳದಲ್ಲಿ. ನೀರು ಬತ್ತಿದ ಮೇಲೆ ಉಸುಕಿನಲ್ಲಿ ಗುಣಿ ತೋಡಿ, ತಿಪ್ಪೆಗೊಬ್ಬರ ತುಂಬಿ, ಕಲ್ಲಂಗಡಿ ಬೀಜ ಊರುತ್ತಿದ್ದ. ಬೇಸಿಗೆಯಲ್ಲಿ ಬರುವ ಆ ಕಾಯಿಗಳೇ ಅವನ ಮನೆಗೆ ವರ್ಷದ ಜೋಳ ತರಬೇಕು. ಅವನ ಕಡೆಯ ದಂಡೆ ಗಟ್ಟಿ ಗರಸು, ಬೆನ್ನಿಗೆ ಕಲ್ಲುಗುಡ್ಡ. ಉಳಲು ಅಂಗೈಯಗಲ ನೆಲವಿಲ್ಲ. ಎದುರು ದಂಡೆ ಮೆತ್ತನ್ನ ಎರೆಮಣ್ಣು. ಅಲ್ಲಿ ಜಿಲಾನಸಾಬನಿಗೆ ಇದ್ದ ಒಂದೇ ಹೊಲ. ಬೇಸಿಗೆಯಲ್ಲಿ ಅವನೂ ತನ್ನ ಮಗ್ಗುಲಿನ ಉಸುಕಿನಲ್ಲಿ ಬಳ್ಳಿ ಹಬ್ಬಿಸುತ್ತಿದ್ದ. ಓಬಳೆಪ್ಪನನ್ನು ಅಣ್ಣಾ ಎಂದು ಕರೆಯುತ್ತಿದ್ದ. ಅವನ ಹೆಂಡತಿ ಜೋಹರಾಬಿಯೂ ಹುಲಿಗವ್ವನೂ ಒಂದೇ ವರತಿಯ ನೀರು ತುಂಬುತ್ತ, ಕೊಡ ತುಂಬಿದ ಮೇಲೂ ಮಾತು ಮುಗಿಸುತ್ತಿರಲಿಲ್ಲ.

ದೂರದೇಶದಲ್ಲಿ ಲಡಾಯಿ ನಡೆದು ಇಲ್ಲಿ ಚಿಮಣಿ ಎಣ್ಣೆಗೂ ತತ್ವಾರವಾಗಿದ್ದ ಒಂದು ಬೇಸಿಗೆ. ಒಂದು ಬೆಳಿಗ್ಗೆ ಓಬಳೆಪ್ಪ ಬಂದು ನೋಡಿದರೆ ಬಲಿತ ಕಾಯಿಗಳು ಒಡೆದು ಬಿದ್ದಿದ್ದವು, ಒಳಗಿನ ತಿರುಳು ಖಾಲಿ. ನರಿ ಇರಬಹುದೆಂದು ಹೆಜ್ಜೆ ಹುಡುಕಿದ. ಹೆಜ್ಜೆಯೇ ಇಲ್ಲ. ಬಳ್ಳಿಯ ಸುತ್ತ ಉಸುಕನ್ನು ಯಾರೋ ಕಸಬರಿಗೆಯಿಂದ ಸವರಿದ ಹಾಗೆ ಗೀರು ಗೀರು ಕಾಣುತ್ತಿತ್ತು. ಯಾವ ನರಿ ತಿಂದು ಹೋಗುವಾಗ ಅಂಗಳ ಗುಡಿಸುತ್ತದೆ? ಹೆಜ್ಜೆ ಅಳಿಸುವ ಬುದ್ಧಿ ಮನುಷ್ಯನಿಗೆ ಮಾತ್ರ. ತಲೆಯೆತ್ತಿ ನೋಡಿದ. ಎದುರಿಗೆ ಜಿಲಾನಸಾಬನ ಕಾಯಿಗಳು ಒಂದೂ ಹಾಳಾಗದೆ ಹೊಳೆಯುತ್ತಿದ್ದವು.

ಅಷ್ಟು ಸಾಕಾಯಿತು.

“ಹೋಗಿ ಒಂದ ಮಾತ ಕೇಳಬಾರದೇನು?” ಎಂದಳು ಹುಲಿಗವ್ವ.

“ಕಳ್ಳನ್ನ ಕೇಳಿದ್ರ ಹೌದ್ರಿ ನಾನೇ ಅಂತಾನೇನು?”

“ಅವ ಅಂಥವಲ್ಲ. ನಿಮ್ಮಪ್ಪ ಹ್ವಾದಾಗ ಹೊಳಿತನಕ ಹುಡಿಕ್ಕೊಂಡು ಹೋದವ್ರು ಅವರಪ್ಪ.”

“ಅದಕ್ಕ ಇವನ ಮ್ಯಾಲ ಯಾರೂ ಸಂಶೆ ಪಡೂದಿಲ್ಲ. ಅವನಿಗೂ ಅದು ಗೊತ್ತೈತಿ!”

ಇಂಥ ಮಾತಿಗೆ ದೇವರೂ ಉತ್ತರ ಹೇಳಲಾರ. ಹುಲಿಗವ್ವ ವರತಿಯ ಬಳಿ, ಕಾಯಿ ಕಳುವಾಗುತ್ತಿವೆ ಎಂದಷ್ಟನ್ನು ಜೋಹರಾಬಿಗೆ ಹೇಳಿದಳು. ಯಾರ ಮೇಲೆ ಸಂಶಯ ಎಂದು ಹೇಳಲು ಬಾಯಿ ಬರಲಿಲ್ಲ.

ಓಬಳೆಪ್ಪ ಬೇಲಿಗೆ ಕೈಹಾಕಿದ. ದನ ಬಾಯಿ ಹಾಕದ ಗಿಡವೆಂದರೆ ಲಕ್ಕಿ. ದಂಡೆಯಲ್ಲಿ ಬೇಕಾದಷ್ಟಿತ್ತು. ಅದರ ಗೂಟಗಳನ್ನು ಕಡಿದು ತಂದು, ತನ್ನ ದಂಡೆಯಿಂದ ಹಳ್ಳದ ನಡುವಿನವರೆಗೆ ಓರೆಯಾಗಿ ಒತ್ತೊತ್ತಾಗಿ ನೆಟ್ಟ. ಎದುರಿನಿಂದ ಬರುವವನಿಗೆ ಅಡ್ಡವಾಗಬೇಕು. ನಡುನಡುವೆ ಟೊಂಗೆ ಹೆಣೆದ. ಬುಡಕ್ಕೆ ಗುಡ್ಡದ ಕಲ್ಲು ಉರುಳಿಸಿ ತಂದು ಒಟ್ಟಿದ. ಜಿಲಾನಸಾಬ ಆ ದಂಡೆಯಿಂದ, “ಅಣ್ಣಾ, ಕ್ವಾಟಿ ಕಟ್ಟಾಕ ಹತ್ತೀಯೇನು?” ಎಂದು ನಕ್ಕ. ಆ ನಗೆಯಲ್ಲೂ ಓಬಳೆಪ್ಪನಿಗೆ ಏನೋ ಕಂಡಿತು. ಒಳಗಿನ ತೇವಕ್ಕೆ ಗೂಟಗಳು ಚಿಗುರಿ ಬೇರು ಬಿಟ್ಟವು.

ಕಾಯಿ ಹೋಗುವುದು ಮಾತ್ರ ನಿಲ್ಲಲಿಲ್ಲ. ಉಸುಕು ಸವರುವುದೂ ನಿಲ್ಲಲಿಲ್ಲ. ಬೇಲಿ ಸುತ್ತಿ ಬರುವುದನ್ನು ಕಲಿತಿದ್ದಾನೆ ಎಂದುಕೊಂಡ ಓಬಳೆಪ್ಪ ಇನ್ನಷ್ಟು ಕಲ್ಲು ಹೇರಿದ. ಜಿಲಾನಸಾಬ ಎದುರಾದರೆ ಕೆಮ್ಮು ಬಂದವನಂತೆ ಮುಖ ತಿರುಗಿಸುತ್ತಿದ್ದ.

ಬೇಸಿಗೆ ಕಳೆದು ಉತ್ತರಿ ಮಳೆಗೆ ಹಳ್ಳ ಬಂತು. ಮಧ್ಯಾಹ್ನದ ಹೊತ್ತು ಮೇಲಿನಿಂದ ಗುಡುಗಿನಂಥ ಸದ್ದಾಯಿತು. ಕೆಂಪು ನೀರು, ಅದರ ಮುಂದೆ ಜಾಲಿಯ ಮುಳ್ಳುಕಂಟಿ, ಬುಡಮೇಲಾದ ಮರ. ಬೇಲಿ ಇಂದು ಕೊಚ್ಚಿಹೋಯಿತು ಎಂದುಕೊಂಡ ಓಬಳೆಪ್ಪ. ಅದು ಹೋಗಲಿಲ್ಲ. ಕಂಟಿಯೆಲ್ಲ ಬಂದು ಲಕ್ಕಿಗೆ ಸಿಕ್ಕಿಕೊಂಡು, ಕಸ ತುಂಬಿ, ಗೋಡೆಯಾಯಿತು. ಹರಿಯುವ ನೀರು ಗೋಡೆಗೆ ಹೊಡೆದು ಹೊರಳಿತು. ಹೊರಳಿ ನೇರವಾಗಿ ಎದುರು ದಂಡೆಯ ಬುಡಕ್ಕೆ ನುಗ್ಗಿತು. ಎರೆಮಣ್ಣು ಹೆಂಟೆ ಹೆಂಟೆಯಾಗಿ ಕಳಚಿ ಬೀಳತೊಡಗಿತು. ಜಿಲಾನಸಾಬನ ಹೊಲದ ಅಂಚಿನಲ್ಲಿದ್ದ ಬೇವಿನಮರ ಮೆಲ್ಲಗೆ ವಾಲಿ ನೀರಿಗೆ ಬಿತ್ತು. ಅದರ ಹಿಂದೆ ಎದೆಮಟ ಬೆಳೆದ ಸಜ್ಜೆ. ಜೋಹರಾಬಿಯ ಕೂಗು ನೀರಿನ ಸದ್ದಿನಲ್ಲೂ ಕೇಳಿಸಿತು. ಓಬಳೆಪ್ಪನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ನೀರು ಇಳಿದ ಮೇಲೆ ಎಷ್ಟು ಹೋಗಿದೆ ಎಂದು ನೋಡಲು ಗುಡ್ಡ ಹತ್ತಿದ. ಅರ್ಧ ಹೊಲ ಹೋಗಿತ್ತು. ತಿರುಗಿ ಇಳಿಯುವಾಗ ಬಂಡೆಯ ಸಂದಿಯೊಂದರ ಮುಂದೆ ಕಾಲು ನಿಂತಿತು. ಗವಿಯ ಬಾಯಲ್ಲಿ ಒಣಗಿದ ಕಲ್ಲಂಗಡಿ ಸಿಪ್ಪೆ, ಕಪ್ಪುಬಿಳುಪು ಪಟ್ಟೆಯ ಮುಳ್ಳುಗಳು. ಹಸಿ ಮಣ್ಣಿನ ಮೇಲೆ, ಗವಿಯಿಂದ ಹೊರಗೆ, ಕಸಬರಿಗೆಯಿಂದ ಸವರಿದಂಥದೇ ಗೀರು. ಮುಳ್ಳಹಂದಿ! ನಡೆಯುವಾಗ ಬೆನ್ನ ಮೇಲಿನ ಉದ್ದ ಮುಳ್ಳು ನೆಲಕ್ಕೆ ಎಳೆದು, ತನ್ನ ಹೆಜ್ಜೆಯನ್ನು ತಾನೇ ಅಳಿಸಿಕೊಂಡು ಹೋಗಿತ್ತು. ಬೇಸಿಗೆಯುದ್ದಕ್ಕೂ ಓಬಳೆಪ್ಪ ಎದುರು ದಂಡೆಯನ್ನೇ ನೋಡಿದ್ದ. ಒಂದು ಸಲವೂ ಬೆನ್ನ ಹಿಂದಿನ ಗುಡ್ಡ ನೋಡಿರಲಿಲ್ಲ.

ಮರುದಿನ ಜಿಲಾನಸಾಬ ಹಳ್ಳ ದಾಟಿ ಬಂದ. ಜಗಳಕ್ಕೇ ಬಂದ ಎಂದು ಓಬಳೆಪ್ಪ ಮೈ ಬಿಗಿಹಿಡಿದು ನಿಂತ.

“ಅಣ್ಣಾ, ಅರ್ಧ ಹೊಲ ಹೋತು. ಹಳ್ಳದ ಮ್ಯಾಲ ಸಿಟ್ಟ ಮಾಡಿ ಏನ ಬಂತು?” ಎಂದ ಜಿಲಾನಸಾಬ. “ನಿನ್ನ ಲಕ್ಕಿ ಛಲೋ ನಿಂತೈತಿ ನೋಡು. ನನಗೂ ಒಂದಿಷ್ಟ ಟೊಂಗಿ ಕೊಡು. ಉಳದದ್ದಕ್ಕರ ಹಚ್ಚತೀನಿ.”

ಓಬಳೆಪ್ಪ ಅವನ ಮುಖವನ್ನೇ ನೋಡಿದ. ಗೊತ್ತಿದ್ದೂ ಕೇಳುತ್ತಿದ್ದಾನೆಯೆ? ಅಲ್ಲಿ ಬರೀ ದಣಿವಿತ್ತು. ನಾಚಿಕೆ ತಾಳಲಾರದೆ ಓಬಳೆಪ್ಪ ಹೋಗಿ ಬೇಲಿಯ ಗೂಟಗಳನ್ನು ಬೇರುಸಹಿತ ಕಿತ್ತು ಕಿತ್ತು ಹಾಕತೊಡಗಿದ.

“ಇಷ್ಟ್ಯಾಕ? ನಿನಗ ಬ್ಯಾಡೇನು? ಕಾಯಿ ಕಳುವಾಗತಾವ ಅಂತ ಅಕ್ಕ ಹೇಳಿದ್ಲಂತ.”

“ಕಳ್ಳ ಸಿಕ್ಕಾನ. ಮುಳ್ಳಹಂದಿ. ಗುಡ್ಡದಾಗ ಗವಿ ಐತಿ.”

ಜಿಲಾನಸಾಬ ಹೊಟ್ಟೆ ಹಿಡಿದು ನಕ್ಕ. ಇಷ್ಟು ಕಳೆದುಕೊಂಡವನು ಹಾಗೆ ನಗಬಲ್ಲನೆಂದು ಓಬಳೆಪ್ಪ ಎಣಿಸಿರಲಿಲ್ಲ. ತಾನೂ ನಗಲು ಹೊರಟ. ಅಷ್ಟರಲ್ಲಿ ಜಿಲಾನಸಾಬನ ಕಣ್ಣು ಗುಡ್ಡಕ್ಕೆ ಹೋಯಿತು, ಅಲ್ಲಿಂದ ಬೇಲಿಗೆ ಬಂತು, ಬೇಲಿ ಬಾಗಿದ ಕಡೆಗೆ, ತನ್ನ ಮುರಿದ ದಂಡೆಗೆ. ನಗೆ ನಿಂತಿತು.

“ಮುಳ್ಳಹಂದಿ ಗುಡ್ಡದ ಕಡಿಂದ ಬರತೈತಿ” ಎಂದ ಮೆಲ್ಲಗೆ. “ಬ್ಯಾಲಿ ನನ್ನ ಕಡಿ ಯಾಕ ಹಾಕಿದ್ದಿ, ಅಣ್ಣಾ?”

ಓಬಳೆಪ್ಪ ಕೈಯಲ್ಲಿದ್ದ ಗೂಟದ ಮಣ್ಣು ಉದುರಿಸಿದ. ಉದುರಿಸಲು ಇನ್ನು ಮಣ್ಣು ಉಳಿಯಲಿಲ್ಲ. ಆದರೂ ಉದುರಿಸುತ್ತಲೇ ಇದ್ದ.

ಜಿಲಾನಸಾಬ ಬಗ್ಗಿ, ತನಗೆ ಬೇಕಾದಷ್ಟೇ ಟೊಂಗೆ ಆರಿಸಿ, ಹೊರೆ ಕಟ್ಟಿ ಹೆಗಲಿಗೇರಿಸಿದ.

“ಬರ್ತೀನ್ರಿ, ಓಬಳೆಪ್ಪನವರ” ಎಂದ.

ಹುಟ್ಟಿದಾಗಿನಿಂದ ಎದುರುಬದುರು ಬೆಳೆದವರು. ಅವನ ಬಾಯಿಂದ ಆ ‘ರಿ’ ಓಬಳೆಪ್ಪ ಕೇಳಿದ್ದು ಅದೇ ಮೊದಲು.