ಪ್ರಗತಿಯ ಕಮಾನು

ಭಾಲ್ಕಿ ಹತ್ತಿರದ ನಮ್ಮೂರಿನ ಹಾದಿಗೆ ಡಾಂಬರು ಬರುವ ಮೊದಲೇ ಕಮಾನು ಬಂತು. ಅದರ ನೆತ್ತಿಯ ಮೇಲೆ ಬಂಗಾರದ ಬಣ್ಣದಲ್ಲಿ ‘ಪ್ರಗತಿ ಪಥ’ ಎಂದು ಬರೆಸಿದ್ದರು. ಬೀದರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ನನ್ನ ಕಾಕಾ ಉದ್ಘಾಟನೆಯ ಭಾಷಣಕ್ಕೆ ಬಂದಿದ್ದ. ಹಿಂದುಳಿದ ನಾಡಿನಲ್ಲಿ ಪ್ರಗತಿ ಮೊದಲು ಜನರ ಕಣ್ಣಿಗೆ ಕಾಣಬೇಕು, ಉಳಿದದ್ದು ತಾನಾಗಿಯೇ ಹಿಂದೆ ಬರುತ್ತದೆ ಎಂಬುದು ಅವನ ಸಿದ್ಧಾಂತ. ಊರವರು ಚಪ್ಪಾಳೆ ತಟ್ಟಿದರು. ಚಪ್ಪಾಳೆಗೇನು, ನಮ್ಮಲ್ಲಿ ಅದಕ್ಕೆಂದೂ ಬರ ಬಂದಿಲ್ಲ.

ಅವನು ವೇದಿಕೆ ಇಳಿದ ಮೇಲೆ, ಕಬ್ಬು ಬೆಳೆಯುವ ನಮ್ಮಪ್ಪ ಕೇಳಿದ: “ತಮ್ಮಾ, ಇದರ ಕೆಳಗ ಕಬ್ಬಿನ ಗಾಡಿ ಹ್ಯಾಂಗ ಹೋಗ್ತದ?”

“ಅಣ್ಣಾ, ನಿನಗ ಯಾವಾಗಲೂ ಕಬ್ಬಿಂದೇ ಚಿಂತಿ,” ಎಂದ ಕಾಕಾ.

ಕಟಾವು ಶುರುವಾಯಿತು. ಮೊದಲ ಟ್ರ್ಯಾಕ್ಟರಿನ ಹೇರು ಕಮಾನಿಗೆ ತಗುಲಿ ಸಿಕ್ಕಿಬಿತ್ತು. ಹಿಂದಿನ ಗಾಡಿಗಳೆಲ್ಲ ಪಕ್ಕದ ನಮ್ಮ ತೊಗರಿ ಹೊಲಕ್ಕೆ ಇಳಿದು, ಬೆಳೆ ತುಳಿದು, ಸುತ್ತುಹಾಕಿ ಹೋದವು. ಆಮೇಲೆ ಇಡೀ ಊರು ಅಲ್ಲೇ ಓಡಾಡತೊಡಗಿತು. ಪ್ರಗತಿ ಪಥಕ್ಕೆ ಡಾಂಬರು ಬರಲೇ ಇಲ್ಲ. ಕಮಾನಿನ ಕೆಳಗೆ ಈಗ ಜಾಲಿ ಬೆಳೆದಿದೆ.

ಈ ವರ್ಷ ನಮ್ಮ ಹೊಲದ ಸುತ್ತುದಾರಿಗೆ ಡಾಂಬರು ಮಂಜೂರಾಗಿದೆಯಂತೆ. ಮೊದಲು ಕಮಾನು ಕಟ್ಟುತ್ತಾರೆ. ಭಾಷಣಕ್ಕೆ ಕಾಕಾನನ್ನೇ ಕರೆದಿದ್ದಾರೆ.