ತೋಪಿನೋರು

ಹೂಡಿಯ ಹತ್ತಿರದ ಈ ಊರಿಗೆ ನಾನು ಸೊಸೆಯಾಗಿ ಬಂದಾಗ ಮನೆಯ ಹಿಂದಿನ ಗುಂಡುತೋಪಿನಲ್ಲಿ ಕಾಡುಪಾಪಗಳಿದ್ದವು. ಅಂಗೈಯಷ್ಟು ಮೈ, ಆ ಮೈಗೆ ಸಲ್ಲದಷ್ಟು ದೊಡ್ಡ ಕಣ್ಣು. ಮುಸ್ಸಂಜೆಗೆ ಹುಣಸೆಮರದಿಂದ ಸಿಳ್ಳೆ ಹಾಕುತ್ತಿದ್ದವು. ಅವುಗಳ ಹೆಸರನ್ನು ಮಾತ್ರ ಬಾಯಿಗೆ ತರಲು ಅತ್ತೆ ಬಿಡುತ್ತಿರಲಿಲ್ಲ.

"ಬಸ್ರಿ ಇರೋ ಮನೇಲಿ ಅದರ ಎಸ್ರು ಎತ್ಬಾರ್ದು ಕಣವ್ವ. ಕರುದ್ರೆ ಬಂದ್ಬಿಡ್ತದೆ, ಮಗೀನ ಮೇಲೆ ಕಣ್ಣಿಕ್ತದೆ. ತೋಪಿನೋರು ಅನ್ನು, ಸಾಕು."

ಮದುವೆಯಾಗಿ ಕೆಲವು ವರ್ಷಗಳಾಗಿದ್ದವು, ನಾನಾಗ ತುಂಬು ಬಸುರಿ. ಮುಂಚೆ ಎರಡು ಕಳೆದುಕೊಂಡಿದ್ದವಳಿಗೆ ನಗುವ ಧೈರ್ಯವೆಲ್ಲಿ? ತೋಪಿನೋರು ಎಂದೇ ಅನ್ನುತ್ತಿದ್ದೆ.

ಆ ದಿನಗಳಲ್ಲೇ ಅರಣ್ಯ ಇಲಾಖೆಯಿಂದ ಒಬ್ಬರು ಬಂದರು. ಟೆಕ್ ಪಾರ್ಕಿನ ಪಾಲಾಗದಂತೆ ತೋಪನ್ನು ಸರ್ಕಾರವೇ ಉಳಿಸುತ್ತದಂತೆ, ಜೀವವೈವಿಧ್ಯ ಉದ್ಯಾನ ಮಾಡುತ್ತದಂತೆ. ಊರಿನವರನ್ನು ಕೇಳಿಯೇ ಮುಂದುವರಿಯಬೇಕಂತೆ. ಒಳ್ಳೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಜಗಲಿಯ ಮೇಲೆ ಕೂತರು.

"ತೋಪಲ್ಲಿ ಏನೇನಿದೆ ಅಮ್ಮ?"

ಅತ್ತೆ ನನ್ನ ಹೊಟ್ಟೆಯ ಕಡೆ ನೋಡಿದರು.

"ತೋಪಿನೋರು ಅವ್ರೆ ಸಾರ್. ಸಂಜೆ ಆಯ್ತಿದ್ದಂಗೆ ಈಚೆಗೆ ಬತ್ತಾರೆ. ಪಾಪ, ಯಾರ ತಂಟೆಗೂ ಓಗಲ್ಲ."

"ಯಾವಾಗಿಂದ ಇದ್ದಾರೆ?"

"ನಾನು ಈ ಮನೆಗೆ ಬರಕ್ ಮುಂಚಿಂದ್ಲೂ."

ಅವರು ತಲೆಯಾಡಿಸಿ ಹೋದರು.

ನಾನು ಬಾಣಂತಿಯಾಗಿ ಮಲಗಿದ್ದಾಗ ಗರಗಸದ ಸದ್ದು ಶುರುವಾಯಿತು. ಪೊದೆ ಸವರಿದರು, ಮರದಿಂದ ಮರಕ್ಕೆ ಹೆಣೆದುಕೊಂಡಿದ್ದ ಕೊಂಬೆಗಳನ್ನೆಲ್ಲ ಕಡಿದರು, ಕಂಬ ನೆಟ್ಟು ಬಿಳಿ ದೀಪ ಹಾಕಿದರು. ಅತ್ತೆ ಓಡಿಹೋಗಿ ಮೇಸ್ತ್ರಿಯನ್ನು ಕೇಳಿದರೆ, "ಯಾರೋ ಒತ್ತುವರಿ ಮಾಡ್ಕೊಂಡು ಸೇರ್ಕೊಂಡವ್ರಂತಲ್ಲ, ನೀವೇ ಏಳಿದ್ರಂತೆ. ಅವರು ಅವಿತ್ಕೋಬಾರ್ದು ಅಂತ ಕಣಮ್ಮ," ಎಂದನಂತೆ. ಅತ್ತೆ ಬಂದು ನನ್ನ ಮಂಚದ ಪಕ್ಕ ಕೂತರು. ಮಗು ಗುಂಡುಗುಂಡಾಗಿ ಮಲಗಿತ್ತು. ಅವತ್ತು ಸಂಜೆ ಸಿಳ್ಳೆ ಕೇಳಲಿಲ್ಲ.

ಇವತ್ತಿಗೂ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ನನ್ನ ಕಿವಿ ತಾನಾಗಿ ಹಿತ್ತಲ ಕಡೆ ತಿರುಗುತ್ತದೆ. ಕೆಲವು ಸಲ ಕೇಳಿಸಿಯೂ ಬಿಡುತ್ತದೆ. ಹೋಗಿ ನೋಡಿದರೆ ಉದ್ಯಾನದ ವಾಚ್‌ಮನ್ ಸೀಟಿ. ಹಾಳಾದ್ದು, ಆದರೂ ಮುಂದಿನ ಸಲವೂ ಹೋಗಿ ನೋಡುತ್ತೇನೆ. ಕಾಡುಪಾಪ ಎಂಬಲ್ಲಿ ಕಾಡು ಎಂದರೆ ಅಡವಿ ಎಂದಷ್ಟೇ ತಿಳಿದಿದ್ದೆ. ಕಾಡುವುದು ಎಂಬುದೂ ಅದರೊಳಗೇ ಇತ್ತು.

ಮಗಳು ಅಕ್ಷರ ಕಲಿತ ವರ್ಷ ಉದ್ಯಾನದ ಬಾಗಿಲಿಗೆ ಫಲಕ ಬಂತು. ದೊಡ್ಡ ಕಣ್ಣುಗಳ ಚಿತ್ರ, ರಕ್ಷಿಸಿ ಎಂಬ ಕೋರಿಕೆ, ದಪ್ಪಕ್ಷರದಲ್ಲಿ ಹೆಸರು. ಅಜ್ಜಿಯ ಕೈ ಹಿಡಿದುಕೊಂಡೇ ಅವಳು ಕೂಡಿಸಿ ಓದಿದಳು.

"ಕಾ... ಡು... ಪಾ... ಪ."

ಅತ್ತೆ ಎಲ್ಲಿ ಅವಳ ಬಾಯಿಗೆ ಹೊಡೆಯುತ್ತಾರೋ ಎಂದು ನಾನು ಮುಂದೆ ಬಂದೆ. ಅವರು ಮರಗಳ ಕಡೆ ಮುಖ ಮಾಡಿ ನಿಂತಿದ್ದರು.

"ಇನ್ನೊಂದ್ ಕಿತ ಕೂಗವ್ವ," ಎಂದರು. "ಜೋರಾಗಿ ಕೂಗು."